ಕ್ಯಾಸೆಟ್ಟಿನ ಗುಂಯ್ ಸದ್ದು

ಜನವರಿ 21, ಮಂಗಳವಾರ

ಎಲೆಕ್ಟ್ರಿಷಿಯನ್ ಡ್ಯೂಟಿ ಮುಗಿಸಿ ನಾಲ್ಕೂವರೆಗೆ ವಡಾಲದ ಮನೆ. ಚಹಾ. ಲ್ಯಾಪ್‌ಟಾಪ್ ಆನ್. ಭಜನಾ ಮಂಡಳಿಯವರ ಹಿಮ್ಮೇಳದ ಟ್ರ್ಯಾಕಿಗೆ ತಬಲಾ ಒಂದೇ ಬಾಕಿ ಇತ್ತು, ಅದನ್ನೂ ಕೂರಿಸಿದೆ. ಮೂಲ ಹಾಡಿನಲ್ಲಿ ತಬಲಾದವನು ಎರಡನೇ ಚರಣಕ್ಕೆ ಬರುವಾಗ ಒಂದು ಪೆಟ್ಟು ತಡವಾಗಿ ಹಾಕುತ್ತಾನೆ. ತಪ್ಪಿಯೋ, ಬೇಕಂತಲೋ. ನಾನೂ ತಡವಾಗಿಯೇ ಹಾಕಿದೆ. ಇದ್ದ ಹಾಡನ್ನು ಇದ್ದ ಹಾಗೆ ಎಬ್ಬಿಸಿ ಕೂರಿಸುವುದು ನನ್ನ ಕೆಲಸ. ತಿದ್ದುವುದಲ್ಲ.

ಗೋಡೆಗೆ ಕೌದಿ ಕಟ್ಟಲು ಹೆಂಡತಿ ಶಿವಕುಮಾರಿ ಬಿಡುತ್ತಿಲ್ಲ. "ನಮ್ಮವ್ವ ಕೌದಿ ಹೊಲದಿದ್ದು ಹೊಚ್ಚಿಕೊಳ್ಳಾಕರೀ, ಗ್ವಾಡಿಗೆ ಕಟ್ಟಾಕಲ್ಲ." ಕೌದಿ ಇಲ್ಲದಿದ್ದರೆ ನಮ್ಮ ಖೋಲಿ ಖಾಲಿ ಡಬ್ಬಿಯ ಹಾಗೆ ಮೊಳಗುತ್ತದೆ, ಮೈಕಿಗೆ ಅದೂ ಸಿಗುತ್ತದೆ. ಕೊನೆಗೆ ಎರಡು ಕೌದಿಗೆ ಒಪ್ಪಂದ.

ಐದೂವರೆಗೆ ಎದುರು ಮನೆಯ ವಿನೋದಿನಿ ಅಕ್ಕ ಬಂದರು. ಉಡುಪಿ ಕಡೆಯವರು, ಅರವತ್ತೆರಡು ವರ್ಷ. ಯಾವತ್ತೂ ಬಾಗಿಲಿಗೆ ಮೊದಲು ಅವರ ನಗು ಬರುತ್ತದೆ, ಆಮೇಲೆ ಅವರು. ಇವತ್ತು ಅವರೊಬ್ಬರೇ ಬಂದರು. ಕುತ್ತಿಗೆಗೆ ದುಪಟ್ಟಾ ಸುತ್ತಿಕೊಂಡು, ಕೈಯಲ್ಲಿ ಒಂದು ಕ್ಯಾಸೆಟ್.

"ಶ್ರೀಶೈಲ, ಇದಕ್ಕೆ ನಿನ್ನ ಹತ್ರ ಮದ್ದು ಉಂಟಾ ಮಾರಾಯ?"

1986ರದ್ದು. ಮಾಟುಂಗದ ಹೋಟೆಲ್ ಕೆಲಸದವರ ರಾತ್ರಿ ಶಾಲೆ ಆಡಿದ ನಾಟಕದ ಹಾಡು. ಬರೆದು ರಾಗ ಹಾಕಿದವರು ಶಾಲೆಯ ಮೇಷ್ಟ್ರು. ಹಾರ್ಮೋನಿಯಂ ಪೂವಪ್ಪಣ್ಣ — ಆಗ ದೋಸೆ ಹುಯ್ಯುತ್ತಿದ್ದರು, ಆಮೇಲೆ ಅಕ್ಕನ ಗಂಡ, ತೀರಿಹೋಗಿ ಆರು ವರ್ಷ. ಹಾಡಿದವರು ಇವರು. ಆ ಹಾಡಿರುವುದು ಇದೊಂದೇ ಕ್ಯಾಸೆಟ್ಟಿನಲ್ಲಿ. ಅದರಲ್ಲೂ ಎರಡನೇ ಚರಣದ ಮೇಲೆ ಮಗಳು ನಿಶಾ ಚಿಕ್ಕವಳಿದ್ದಾಗ ಶಾಲೆಯ ಪದ್ಯ ರೆಕಾರ್ಡ್ ಮಾಡಿಬಿಟ್ಟಿದ್ದಾಳೆ.

"ಉಳಿದದ್ದು ಇಲ್ಲಿ ಉಂಟು," ಅಂತ ಗಂಟಲು ಮುಟ್ಟಿ ತೋರಿಸಿದರು. ಆಮೇಲೆ ದುಪಟ್ಟಾ ಬಿಚ್ಚಿದರು. ಅಲ್ಲಿ ನಿಂಬೆಕಾಯಿಯಷ್ಟು ಗಂಟು.

ಥೈರಾಯ್ಡ್. ಒಳ್ಳೆಯ ಗಂಟಲ್ಲವಂತೆ. ದನಿಯ ನರಕ್ಕೆ ಅಂಟಿಕೊಂಡಿದೆ. ಆಪರೇಷನ್ ಫೆಬ್ರವರಿ ಇಪ್ಪತ್ತಕ್ಕೆ. "ಆಮೇಲೆ ಪಿಸಪಿಸ ಮಾತು ಉಳಿದೀತು ಅಂದ್ರು. ಹಾಡು ಹೋದ್ರೂ ಹೋಗಬಹುದಂತೆ. ಅದಕ್ಕೆ ಮುಂಚೆ ಒಮ್ಮೆ ಪೂರ್ತಿ ಹಾಡಿ ಇಟ್ಟುಬಿಡ್ತೇನೆ. ಬರೀ ಬಾಯಲ್ಲಿ ಅಲ್ಲ. ಅವರ ಪೆಟ್ಟಿಗೆ, ತಬಲಾ, ಕೊಳಲು, ಎಲ್ಲ ಬೇಕು. ನೀನು ಎಲ್ಲರ ಹಾಡು ಕೂರಿಸ್ತೀ ಅಲ್ವಾ?"

ಒಂದು ತಿಂಗಳು ಇದೆ ಅಂದೆ. ಹೇಳುವಾಗ ದೊಡ್ಡದಾಗಿ ಕೇಳಿಸಿತು.


ಜನವರಿ 23, ಗುರುವಾರ

ಮೊನ್ನೆಯೇ ಮಾಳಿಗೆಯಿಂದ ಹಳೆಯ ಟೇಪ್‌ರೆಕಾರ್ಡರ್ ಇಳಿಸಿದ್ದೆ. ಬೆಲ್ಟು ಕರಗಿ ಡಾಂಬರಾಗಿತ್ತು. ನಿನ್ನೆ ಲ್ಯಾಮಿಂಗ್ಟನ್ ರೋಡಿನಲ್ಲಿ ಹೊಸದು ತಂದೆ. ಅದೇ ಅಳತೆ ಸಿಗಲಿಲ್ಲ, ಕೂದಲೆಳೆಯಷ್ಟು ಹೆಚ್ಚು ಕಡಿಮೆ. ಹಾಕಿ ಒತ್ತಿದರೆ ಹಾಡು ನೀರಿಗಿಳಿದ ಎಮ್ಮೆಯ ಹಾಗೆ ಬಂತು.

ಮೋಟರಿನ ಹಿಂದೆ ಸಣ್ಣ ತೂತು ಇರುತ್ತದೆ. ಒಳಗೆ ಸ್ಕ್ರೂ. ತಿರುಗಿಸಿದರೆ ಸ್ಪೀಡು ಏರುತ್ತದೆ. ಅಕ್ಕ ಪಕ್ಕದಲ್ಲೇ ನಿಂತಿದ್ದರು.

"ಇನ್ನು ಸ್ವಲ್ಪ... ಹಾಂ... ಇನ್ನು ಸ್ವಲ್ಪ."

ಶಿವಕುಮಾರಿ ರೊಟ್ಟಿ ಬಡಿಯುವುದು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದಳು. "ಇನ್ನೊಂದ್ ಸೊಲ್ಪ ಏರ್ಸ್ರೀ. ಅಕ್ಕಾರ ಆಗ ಹುಡುಗಿ ಅದಾರಲ್ಲ."

ಒಂದು ಕಡೆ ಬಂದು ನಿಂತಿತು. ಗಾಜಿನ ಬಳೆಯಂಥ ದನಿ.

*ಬಂದರದ ಬೆಳಕೇ, ಇತ್ತ ತಿರುಗೇ
ದೂರದ ದೋಣಿಗೆ ದಾರಿ ಹೇಳೇ...*

"ತಿರುಗೇ"ಯಲ್ಲಿ ದನಿ ಏರಿ ಅಲ್ಲೇ ನಿಲ್ಲುತ್ತದೆ. ಎಣಿಸಿದೆ. ಎಂಟು ಮಾತ್ರೆ. ಅಲುಗುವುದಿಲ್ಲ.

"ಇದೇ," ಅಂದರು ಅಕ್ಕ. "ಇದೇ ನನ್ನ ದನಿ." ಗೋಡೆಯ ಕಡೆ ತಿರುಗಿ ನಿಂತರು.

ಸ್ಕ್ರೂ ಮತ್ತೆ ಅಲುಗಬಾರದು. ಶಿವಕುಮಾರಿಯ ಕೆಂಪು ನೇಲ್ ಪಾಲಿಶ್ ಒಂದು ಹನಿ ಅದರ ಮೇಲೆ ಬಿಟ್ಟು ಗಟ್ಟಿ ಮಾಡಿದೆ. ರಿಪೇರಿಯವರು ಮಾಡುವ ಕೆಲಸ. ಇಡೀ ಟೇಪು ಲ್ಯಾಪ್‌ಟಾಪಿಗೆ ಇಳಿಸಿದ್ದಾಯಿತು.


ಜನವರಿ 26, ಭಾನುವಾರ

ನಿಶಾಗೆ ರಜೆ. ವಿಲೆ ಪಾರ್ಲೆಯ ಕಡೆ ಏರ್‌ಪೋರ್ಟಿನ ಕೌಂಟರಿನಲ್ಲಿ ಕೆಲಸ ಅವಳಿಗೆ. ಎಲ್ಲ ಕೂತು ಕೇಳಿದೆವು. ಹಾಡಿನ ನಡುವೆ ಟಕ್ ಅಂತ ಕಡಿದು, ಅವಳದೇ ಪುಟ್ಟ ದನಿ ಪದ್ಯ ಹೇಳುತ್ತದೆ. ಇಲಿ ಮಾತಾಡಿದ ಹಾಗೆ.

"ಅಣ್ಣ, ನಾನು ಇಷ್ಟು ಕೀಚು ಕೀಚು ಇದ್ದೆನಾ? ಸೋ ಎಂಬರಾಸಿಂಗ್."

"ಮಕ್ಕಳ ದನಿ ಅಲ್ವಾ," ಅಂದರು ಅಕ್ಕ. ನಕ್ಕೆವು.

ನಿಶಾಗೆ ಹೇಳಿದ್ದು ಇಷ್ಟೇ: ಕೇಳಲಿಕ್ಕೆ ರಿಪೇರಿ ಮಾಡಿದ್ದೇವೆ ಅಂತ. ಹಾಡುವ ವಿಷಯ ಹೇಳಿಲ್ಲ. ಗಂಟಲಿಗೆ ಶ್ರಮ ಬೇಡ ಅಂತ ಅವಳು ಮೊಬೈಲಿನಲ್ಲಿ ಏನೇನೋ ಓದಿಕೊಂಡಿದ್ದಾಳೆ. ಡಾಕ್ಟರ್ ಹಾಗೆ ಅಂದೇ ಇಲ್ಲ ಅನ್ನುತ್ತಾರೆ ಅಕ್ಕ. ನಾನು ನಡುವೆ ಸಿಕ್ಕಿದ್ದೇನೆ.

ಟೇಪಿನ ತಳದಲ್ಲಿ ಒಂದೇ ಸಮನೆ ಗುಂಯ್ ಅಂತ ಸದ್ದು. ನಾಟಕದ ಹಾಲ್‌ನ ವೈರಿಂಗಿನಿಂದ ಬಂದ ಕರೆಂಟಿನ ಸದ್ದು, ನನಗೆ ಗೊತ್ತಿಲ್ಲದ್ದೇ? ಸಾಫ್ಟ್‌ವೇರಿನಲ್ಲಿ ಅದಕ್ಕೆ ಫಿಲ್ಟರ್ ಇದೆ. ಐವತ್ತು ಹರ್ಟ್ಸ್ ಅಂತ ಒತ್ತಿದರೆ ಸಾಕು, ಕರೆಂಟಿನ ಸದ್ದು ಮಾಯ. ಒತ್ತಿದೆ. ಹೋಗಲಿಲ್ಲ. ಮತ್ತೆ ಒತ್ತಿದೆ. ಹೋಗಲಿಲ್ಲ. ಕದ್ದ ಸಾಫ್ಟ್‌ವೇರಿನ ಹಣೆಬರಹ ಅಂತ ಬಿಟ್ಟೆ. ಹೇಗೂ ಎಲ್ಲ ಹೊಸದಾಗಿ ಕೂರಿಸುವುದಿದೆ.


ಜನವರಿ 29, ಬುಧವಾರ

ಹಾರ್ಮೋನಿಯಂ ಹಿಡಿಯುತ್ತಿದ್ದೇನೆ. ಕಣ್ಣು ಮುಚ್ಚಿ ಎರಡು ಸ್ವರ ಕೇಳುವುದು, ನಿಲ್ಲಿಸುವುದು, ಕೀಬೋರ್ಡಿನಲ್ಲಿ ಹುಡುಕುವುದು, ಬರೆದಿಡುವುದು. ಷಡ್ಜ ಬಿಳಿ ನಾಲ್ಕರ ಪಟ್ಟಿಯಲ್ಲಿ, ಅಂದರೆ ಎಡದಿಂದ ನಾಲ್ಕನೇ ಬಿಳಿ ಕೀಯಲ್ಲಿ ಬರುತ್ತಿದೆ. ಲಯ ನಿಮಿಷಕ್ಕೆ ತೊಂಬತ್ತಾರು ಪೆಟ್ಟು. ದೋಸೆ ಹುಯ್ಯುವ ಕೈ ಇಷ್ಟು ಚುರುಕೇ? ನನ್ನ ಬೆರಳು ಓಡುವುದಿಲ್ಲ, ಮೌಸಿನಲ್ಲೇ ಒಂದೊಂದೇ ಸ್ವರ ಇಡುತ್ತಿದ್ದೇನೆ.

"ಅಕ್ಕಾ, ಪೂವಪ್ಪಣ್ಣ ಯಾವ ಪಟ್ಟಿಯಿಂದ ನುಡಿಸ್ತಿದ್ರು?"

"ನಂಗೆಂತ ಗೊತ್ತು? ಅವರು ಒತ್ತಿದ್ರು, ನಾನು ಹಾಡಿದೆ. ಮೂವತ್ತು ವರ್ಷ ಸಂಸಾರವೂ ಹಾಗೇ ಆಯ್ತು."

ಆ ಪೆಟ್ಟಿಗೆ ರಾತ್ರಿ ಶಾಲೆಯದು. ಶಾಲೆಯೂ ಈಗ ಇಲ್ಲ, ಪೆಟ್ಟಿಗೆಯೂ ಇಲ್ಲ.

ಅಳಿಸಿಹೋದ ಚರಣವನ್ನು ಅಕ್ಕ ಮೆಲ್ಲಗೆ ಗುನುಗಿ ತೋರಿಸಿದರು, ಎದುರು ಮನೆಗೆ ಕೇಳದಷ್ಟು. *ಇರುಳಿಗೆ ಹೆದರದ ಕಣ್ಣು ನಿನ್ನದು, ನನಗೂ ಒಂದು ಕಿಡಿ ಕೊಡೇ.* ಮೊಬೈಲಿನಲ್ಲಿ ಹಿಡಿದೆ. ಒಂದು ವಿಚಿತ್ರ. ತಮ್ಮಷ್ಟಕ್ಕೆ ಗುನುಗಿದರೆ ಪ್ರತಿ ಸಲವೂ ಟೇಪಿಗಿಂತ ಎರಡು ಕೀ ಕೆಳಗೆ. ಮೂರು ಸಲ ನೋಡಿದೆ. ಅದೇ ಎರಡು ಕೀ. ವಯಸ್ಸು. ಏನೂ ಹೇಳಲಿಲ್ಲ. ಟೇಪಿನ ಪಟ್ಟಿಗೆ ಎತ್ತಿ ಕೂರಿಸಿದೆ.


ಫೆಬ್ರವರಿ 2, ಭಾನುವಾರ

ನಿಶಾ ಸಂಜೆ ಬಂದು ಮೆಟ್ಟಿಲ ಮೇಲೆ ಕೂತಳು. ಅವಳ ಕನ್ನಡ ಮೂರು ಹೆಜ್ಜೆ ನಡೆದು ಹಿಂದಿಯ ಕೈ ಹಿಡಿಯುತ್ತದೆ.

"ಡಾಕ್ಟರ್ ಎರಡು ಆಪ್ಶನ್ ಕೊಟ್ಟಿದ್ದಾರೆ ಅಣ್ಣ. ಒಂದು, ನರ ಬಚಾವ್ ಮಾಡ್ಲಿಕ್ಕೆ ಟ್ರೈ ಮಾಡೋದು. ಗಂಟು ಮೆಲ್ಲ ಮೆಲ್ಲ ಬಿಡಿಸ್ತಾರೆ. ಥೋಡಾ ಒಳಗೆ ಉಳಿಯಬಹುದು. ಅದಕ್ಕೆ ಆಮೇಲೆ ದವಾ ಕೊಡ್ತಾರೆ. ಇನ್ನೊಂದು, ನರ ಸಮೇತ ಕಟ್. ಕ್ಲೀನ್. ಲೇಕಿನ್ ಆವಾಜ್ ಹೋಗ್ತದೆ."

"ನಿಮ್ಮಮ್ಮ ಏನಂದ್ರು?"

"ಟ್ರೈ ಮಾಡಿ ಅಂದ್ಲು. ನರ ಚೆನ್ನಾಗಿ ಕೆಲಸ ಮಾಡ್ತಾ ಇದ್ರೆ ಟ್ರೈ ಮಾಡೋದು ಸರಿ ಅಂತ ಡಾಕ್ಟರ್ ಕೂಡ ಹೇಳಿದ್ರು. ಅಡ್ಮಿಟ್ ಆಗುವ ದಿನ ಸೈನ್ ಮಾಡ್ಬೇಕು." ಹೊರಡಲು ಎದ್ದಳು, ಮತ್ತೆ ಕೂತಳು. "ಅಣ್ಣ, ಆ ಕ್ಯಾಸೆಟ್... ನಾನೇ ಅಳಿಸಿದ್ದಲ್ವಾ?"

"ಆರು ವರ್ಷದ ಕೂಸಿಗೆ ಏನ್ ತಿಳೀತದವ್ವ?" ಅಂದಳು ಒಳಗಿನಿಂದ ಶಿವಕುಮಾರಿ.


ಫೆಬ್ರವರಿ 6, ಗುರುವಾರ

ಟ್ರ್ಯಾಕ್ ಮುಗಿಯಿತು. ಕೊಳಲಿನ ಉಸಿರು, ತಬಲಾದ ಬಾಯಿ, ಹಾರ್ಮೋನಿಯಂ ಗಾಳಿ ಎಳೆಯುವ ಸದ್ದು ಕೂಡ. ಟೇಪಿನ ಜೊತೆ ಒಟ್ಟಿಗೆ ಬಿಟ್ಟರೆ ಯಾವುದು ಹಳೆಯದು, ಯಾವುದು ನನ್ನದು ಗೊತ್ತಾಗುವುದಿಲ್ಲ. ಕಾಡುತ್ತಿದ್ದ ಗುಂಯ್ ಇಲ್ಲ. ಸ್ವಚ್ಛ.

ಹದಿನೈದು ವರ್ಷದ ಕೆಲಸದಲ್ಲಿ ಇಷ್ಟು ಚಂದ ಯಾವುದನ್ನೂ ಕೂರಿಸಿಲ್ಲ. ಇದನ್ನು ಬೇರೆಯವರಿಗೆ ಹೇಳುವ ಹಾಗಿಲ್ಲ, ಇಲ್ಲಿ ಬರೆದಿಡುತ್ತೇನೆ.

ಶನಿವಾರ ಮಧ್ಯಾಹ್ನ ಹಾಡುವುದು. ನಿಶಾಗೆ ಡ್ಯೂಟಿ ಇರುತ್ತದೆ.


ಫೆಬ್ರವರಿ 8, ಶನಿವಾರ

ಬರೆಯಲು ಮನಸ್ಸಿಲ್ಲ. ಆದರೂ.

ಮೂರು ಗಂಟೆಗೆ ಅಕ್ಕ ಬಂದರು. ಹೊಸ ಸೀರೆ. ಮೈಕಿಗೆ ಯಾರು ನೋಡುತ್ತಾರೆ ಅಂತ ಶಿವಕುಮಾರಿ ತಮಾಷೆ ಮಾಡಿದಳು. "ದನಿಗೆ ಗೊತ್ತಾಗ್ತದೆ ಮಾರಾಯ್ತಿ," ಅಂದರು.

ಮೊದಲ ಸಾಲು ಬಿಗಿಯಾಗಿ ಬಂತು. "ಇತ್ತ" ಅನ್ನುವಲ್ಲೇ ಕುತ್ತಿಗೆಯ ನರ ಉಬ್ಬಿತು. "ತಿರುಗೇ" — ಬರಲಿಲ್ಲ. ಗಾಳಿ ಮಾತ್ರ ಬಂತು. ಹಾಡು ಇವರನ್ನು ಬಿಟ್ಟು ಮುಂದೆ ಓಡಿತು, ಹಿಂದಿನಿಂದ ಓಡಿ ಹಿಡಿಯಲು ನೋಡಿದರು, ಸಿಗಲಿಲ್ಲ.

ಮತ್ತೆ. ಮತ್ತೆ. ಐದು ಸಲ. ಐದನೆಯದರಲ್ಲಿ ಕೆಮ್ಮು ಹತ್ತಿ ನಿಲ್ಲಲೇ ಇಲ್ಲ.

ಬೇಕಾದರೆ ಪಟ್ಟಿ ಇಳಿಸುತ್ತೇನೆ ಅಂದೆ. ಒಂದು ಬಟನ್ನಿನ ಕೆಲಸ. ಅನ್ನಬಾರದಿತ್ತು.

"ಬೇಡ," ಅಂದರು. "ಅವರು ನುಡಿಸಿದ್ದು ಆ ಪಟ್ಟಿಯಲ್ಲಿ. ನಾನು ಹಾಡಿದ್ದು ಆ ಪಟ್ಟಿಯಲ್ಲಿ. ಇಳಿಸಿದ್ರೆ ಅದು ಆ ಹಾಡಲ್ಲ." ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. "ಹೋಗಬಹುದು ಅಂದ್ರಲ್ಲ ಡಾಕ್ಟ್ರು. ಹೋಗಿಯೇ ಆಗಿದೆ. ಗೊತ್ತಾಗ್ಲಿಲ್ಲ ನಂಗೆ."

ಬಾಗಿಲು ದಾಟುವಾಗ ಕೆಮ್ಮುತ್ತಲೇ ಇದ್ದರು.


ಫೆಬ್ರವರಿ 12, ಬುಧವಾರ

ನಾಲ್ಕು ದಿನ ಲ್ಯಾಪ್‌ಟಾಪ್ ತೆರೆದಿಲ್ಲ.

ಸಂಜೆ ಸ್ಟೇಷನ್ನಿನಿಂದ ಬರುವಾಗ ಬಿಲ್ಡಿಂಗಿನ ಕೆಳಗೆ ನಿಶಾ ನಿಂತಿದ್ದಳು. ನನಗಾಗಿಯೇ.

"ನೀವು ಅವಳಿಂದ ಹಾಡಿಸಿದ್ರಿ. ನನಗೆ ಹೇಳ್ಲಿಲ್ಲ."

ಗಂಟಲು ಹೇಗಿದೆ ಅಂತ ಕೇಳಿದೆ.

"ಅಣ್ಣ, ಗಂಟಲಿಗೆ ನೋವಾಯ್ತು ಅಂತ ಅಲ್ಲ. ಅದು ಒಂದು ದಿನದಲ್ಲಿ ಸರಿ ಹೋಯ್ತು. ಆವಾಜ್ ಹೋಗಿದೆ ಅಂತ ನೀವು ಅವಳಿಗೆ ಪ್ರೂವ್ ಮಾಡಿ ಕೊಟ್ರಿ. ಈಗ ಏನು ಹೇಳ್ತಾಳೆ ಗೊತ್ತಾ? ನರ ಕಟ್ ಮಾಡ್ಲಿ ಅಂತೆ. ಇಲ್ಲದ್ದನ್ನು ಯಾಕೆ ಬಚಾವ್ ಮಾಡೋದು ಅಂತೆ. ಡಾಕ್ಟರಿಗೆ ಫೋನಿನಲ್ಲಿ ಹೇಳಿಯೇ ಬಿಟ್ಲು."

"ಇನ್ನೂ ಟೈಮ್ ಐತಲ್ಲ ತಂಗಿ, ಇಪ್ಪತ್ತಕ್ಕ ಅಲ್ಲ—"

"ಬೆಡ್ ಖಾಲಿ ಆಗಿದೆ. ಶುಕ್ರವಾರ ಐದಕ್ಕೆ ಅಡ್ಮಿಟ್. ಶನಿವಾರ ಆಪರೇಷನ್." ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಹಗುರಾಗುತ್ತಿತ್ತು. "ಮುಂಚೆ ಬಾತ್‌ರೂಮಿನಲ್ಲಿ ಗುನುಗ್ತಿದ್ಲು. ಈಗ ಅದೂ ಇಲ್ಲ."

ಶಿವಕುಮಾರಿ ಬಡಿಸಿದ್ದನ್ನು ಹಾಗೆಯೇ ಮುಚ್ಚಿಟ್ಟಳು. ಗೋಡೆಯ ಕೌದಿ ಬಿಚ್ಚಲಿಲ್ಲ, ಬಿಚ್ಚು ಅನ್ನಲೂ ಇಲ್ಲ.


ಫೆಬ್ರವರಿ 13, ಗುರುವಾರ, ಬೆಳಿಗ್ಗೆ 11.30, ಬಸ್ಸಿನಲ್ಲಿ

ಬಸ್ಸು ಕುಲುಕುತ್ತಿದೆ, ಅಕ್ಷರ ಹೇಗೋ ಬರಲಿ. ಮರೆಯುವ ಮೊದಲು ಬರೆಯಬೇಕು.

ಪವಾಯಿಯ ನಮ್ಮ ಕಾಂಪ್ಲೆಕ್ಸಿನಲ್ಲಿ ಗುರುವಾರ ಜನರೇಟರ್ ಟೆಸ್ಟ್. ನಾನು, ಅಣವೀರಪ್ಪ. ಅವನು ಸೇಡಂ ಕಡೆಯವನು, ನನ್ನ ಸೂಪರ್‌ವೈಸರ್. ಲೋಡು ತೆಗೆದೆ. ಪ್ಯಾನೆಲ್ಲಿನ ಮೀಟರ್ ಐವತ್ತಕ್ಕೆ ನಿಲ್ಲಬೇಕು. ಐವತ್ತೊಂದು. ಐವತ್ತೆರಡು. ನಾನು ಗೋಡೆ ನೋಡುತ್ತ ನಿಂತಿದ್ದೆ.

"ಏ ಶ್ರೀಶೈಲ, ಎಲ್ಲಿ ಅದೀ? ಹರ್ಟ್ಸ್ ಏರಾಕತ್ತೈತಿ. ಮೀಟರ್ ನೋಡೂದು ಬ್ಯಾಡ, ಕಿವೀಗೂ ಗೊತ್ತಾಗೂದಿಲ್ಲೇನು? ಗುಂಯ್ ಅನ್ನೂದರ ದನಿ ಏರೇತಿ ನೋಡು. ಮಷಿನ್ ಜೋರ್ ತಿರುಗಾಕತ್ತೈತಿ."

ಗುಂಯ್‌ನ ದನಿ ಏರಿದರೆ ಮಷಿನ್ ಜೋರಾಗಿ ತಿರುಗುತ್ತಿದೆ.

ಸ್ಪೀಡು ಇಳಿಸಿದ್ದು ನೆನಪಿದೆ. ಆಮೇಲೆ ಅಲ್ಲೇ ಕೂತುಬಿಟ್ಟೆ. ಇಡೀ ದೇಶದಲ್ಲಿ ಕರೆಂಟು ಐವತ್ತು. 1986ರಲ್ಲೂ ಐವತ್ತು. ಮಾಟುಂಗದ ಆ ಹಾಲಿನಲ್ಲೂ ಐವತ್ತು. ಟೇಪಿನ ಗುಂಯ್ ಐವತ್ತಾಗಿದ್ದರೆ ಫಿಲ್ಟರಿಗೆ ಸಿಗಬೇಕಿತ್ತು. ಸಿಗಲಿಲ್ಲ. ಸಾಫ್ಟ್‌ವೇರನ್ನು ಬೈದೆ. ಕರೆಂಟಿನವನಾಗಿ ನಾನು, ಸಾಫ್ಟ್‌ವೇರನ್ನು ಬೈದೆ.

ಹಾಫ್ ಡೇ ಕೇಳಿದೆ. "ಯಾರಿಗ್ ಏನಾತೋ?" ಅಂದ ಅಣವೀರಪ್ಪ. "ನನಗ," ಅಂದೆ.


ಅದೇ ದಿನ, 1.15

ಐವತ್ತಾರು. ಟೇಪಿನ ಗುಂಯ್ ಲ್ಯಾಪ್‌ಟಾಪಿನ ಗ್ರಾಫಿನಲ್ಲಿ ಅಲ್ಲಿ ಗೂಟ ನೆಟ್ಟ ಹಾಗೆ ನಿಂತಿದೆ. ಅದರ ದುಪ್ಪಟ್ಟು ನೂರಾಹನ್ನೆರಡು, ಅಲ್ಲೂ ಒಂದು ಗೂಟ.

ಐವತ್ತು ಇರಬೇಕಾದದ್ದು ಐವತ್ತಾರು ಅಂದರೆ ಟೇಪು ಅಷ್ಟು ಜೋರು ಓಡಿದೆ. ಲೆಕ್ಕ ಹಾಕಿದೆ. ಸರಿಯಾಗಿ ಎರಡು ಕೀ. ಬಿಳಿ ನಾಲ್ಕಲ್ಲ, ಕರಿ ಎರಡು. ಲಯ ತೊಂಬತ್ತಾರಲ್ಲ, ಎಂಬತ್ತಾರು.

ಎರಡು ಕೀ. ಅಕ್ಕ ಗುನುಗುವಾಗ ಇಳಿಯುತ್ತಿದ್ದದ್ದೂ ಅಷ್ಟೇ. ಮೂರು ಸಲ ನೋಡಿದ್ದೆ. ಗಂಟಲಿಗೆ ದಾರಿ ನೆನಪಿತ್ತು. ನಾನೇ ಕೈ ಹಿಡಿದು ಬೇರೆ ಕಡೆ ಎಳೆದೆ.

ಸ್ಕ್ರೂವಿನ ಮೇಲಿನ ನೇಲ್ ಪಾಲಿಶ್ ಕೆರೆದೆ. ಗೂಟ ಐವತ್ತಕ್ಕೆ ಬಂದು ನಿಲ್ಲುವವರೆಗೆ ತಿರುಗಿಸಿದೆ. ಹಾಡಿನ ನಡುವೆ ಪೂವಪ್ಪಣ್ಣ ಒಮ್ಮೆ ಕೆಮ್ಮುತ್ತಾರೆ, ಅದು ಈಗ ಗಂಡಸಿನ ಕೆಮ್ಮಾಯಿತು. ನಿಶಾಳ ಇಲಿ ಹೋಗಿ ಆರು ವರ್ಷದ ಹುಡುಗಿ ಬಂದಳು. ಅಕ್ಕನ ದನಿ... ಬಳೆಯಲ್ಲ. ತಾಮ್ರದ ಬಿಂದಿಗೆ. ತುಂಬಿದ ಬಿಂದಿಗೆಯನ್ನು ಬೆರಳಲ್ಲಿ ತಟ್ಟಿದ ಹಾಗೆ.

ಶಿವಕುಮಾರಿ ಹಿಂದೆ ನಿಂತು ಕೇಳಿದಳು. "ಏರ್ಸ್ರೀ ಏರ್ಸ್ರೀ ಅಂದಾಕಿ ನಾನರೀ," ಅಂದಳು. ಆಮೇಲೆ, "ಹೋಗಿ ಹೇಳ್ರಿ. ಕೂತೀರ್ಯಾಕ?"


ಅದೇ ದಿನ, ಸಂಜೆ 7

ಬಾಗಿಲು ತೆರೆದದ್ದು ನಿಶಾ. ಒಳಗೆ ಬಿಡಲಿಲ್ಲ.

"ಅಣ್ಣ, ಪ್ಲೀಸ್. ನಾಳೆ ಅಡ್ಮಿಷನ್."

"ತಪ್ಪು ನಂದೈತಿ ತಂಗಿ. ಅದನ್ನ ಹೇಳಿ ಹೋಗತೇನಿ."

ಅಕ್ಕ ಮಂಚದ ಮೇಲೆ ಆಸ್ಪತ್ರೆಯ ಚೀಲಕ್ಕೆ ಬಟ್ಟೆ ಮಡಚಿ ಇಡುತ್ತಿದ್ದರು. ನನ್ನನ್ನು ನೋಡಿ ಕೈಸನ್ನೆಯಲ್ಲಿ ಕೂರು ಅಂದರು. ಬಾಯಿ ಬಿಡಲಿಲ್ಲ. ಆಗಲೇ ದನಿ ಹೋದವರ ಹಾಗೆ ಬದುಕಲು ಶುರು ಮಾಡಿದ್ದಾರೆ. ಅದು ನನಗೆ ಕತ್ತರಿಯಲ್ಲಿ ಕತ್ತರಿಸಿದ ಹಾಗಾಯಿತು.

ಟೇಪ್‌ರೆಕಾರ್ಡರ್ ಮಂಚದ ಮೇಲಿಟ್ಟೆ. ಹರ್ಟ್ಸ್, ಲೆಕ್ಕ, ಎಲ್ಲ ಹೇಳಿದೆ. ಅರ್ಥವಾದ ಹಾಗೆ ಕಾಣಲಿಲ್ಲ. ಸಮಾಧಾನ ಮಾಡಲು ಬಂದಿದ್ದಾನೆ ಅಂದುಕೊಂಡರು.

"ಅಕ್ಕಾ, ನೀವು ಅಷ್ಟು ಮ್ಯಾಲೆ ಎಂದೂ ಹಾಡಿಲ್ಲ. ನಾವು ಮೂರೂ ಮಂದಿ ಸೇರಿ ಸ್ಕ್ರೂ ತಿರುವಿ ನಿಮ್ಮನ್ನ ಹನ್ನೆರಡು ವರ್ಷದ ಹುಡುಗಿ ಮಾಡಿದ್ವಿ."

ಕೊನೆಗೆ ಬಾಯಿ ತೆರೆದರು. "ಆ ದನಿ ಚಂದ ಇತ್ತಲ್ಲ ಮಾರಾಯ."

"ಚಂದ ಇತ್ರೀ. ನಿಮ್ಮದಾಗಿರಲಿಲ್ಲ."

"ಮತ್ತೆ ನಂದು ಯಾವುದು?"

"ಕರಿ ಎರಡು."

ಅವರ ಕಣ್ಣು ಮೋಟರಿನ ಮೇಲೆ ನಿಂತಿತ್ತು. ತೂತಿನ ಸುತ್ತ ಕೆರೆದುಳಿದ ಕೆಂಪು ಕಲೆ. ಬೆರಳಿನಿಂದ ಅದನ್ನು ಮುಟ್ಟಿದರು.

"ಇದು ಎಂತದು?"

"ನೇಲ್ ಪಾಲಿಶ್. ಸ್ಕ್ರೂ ಅಲುಗಬಾರ್ದು ಅಂತ ನಾನ ಹಚ್ಚಿದ್ದು."

ಅಕ್ಕ ಆ ಕಲೆಯನ್ನು ಉಗುರಿನಿಂದ ಕೆರೆದರು. ನಿಶಾ ಬಾಗಿಲಲ್ಲೇ ನಿಂತಿದ್ದಳು.

"ಸ್ಟೇಜಿನಲ್ಲಿ ಲೈಟ್ ಆಫ್ ಮಾಡಿದ ಮೇಲೆ ಹಾಡು ಶುರು," ಅಂದರು ಅಕ್ಕ. "ಕತ್ತಲೆಯಲ್ಲಿ ಅವರಿಗೆ ಷಡ್ಜದ ಮನೆ, ನೀನು ಕೀ ಅಂತೀ ಅಲ್ವಾ, ಅದು ಸಿಗ್ತಿರಲಿಲ್ಲ. ಎರಡು ಸಲ ತಪ್ಪು ಒತ್ತಿದ್ರು, ಮೇಷ್ಟ್ರು ಬೈದ್ರು. ಆಮೇಲೆ ನಾನು ಹೋಗಿ ಆ ಒಂದು ಮನೆಗೆ ನೇಲ್ ಪಾಲಿಶ್ ಹಚ್ಚಿ ಬಂದೆ. ಗುಲಾಬಿ ಬಣ್ಣದ್ದು. ಅಲ್ಲಿಂದಲೇ ನಮ್ಮ ಮಾತುಕತೆ ಶುರುವಾದದ್ದು." ನಿಶಾಳ ಕಡೆ ನೋಡಿದರು. "ಬಿಳಿಯದಕ್ಕೆ ಅಲ್ಲ. ಕರಿಯದು. ಕರಿಯದರ ಮೇಲೆ ಗುಲಾಬಿ ಚಂದ ಕಾಣ್ತದೆ ಅಂತ ಅವರು ತಮಾಷೆ ಮಾಡಿದ್ರು. ಎಡಗಡೆಯಿಂದ ಎರಡನೆಯ ಕರಿ."

ಪ್ಲೇ ಒತ್ತಿದೆ. ಕೇಳಿದರು. ಎರಡನೇ ಸಾಲಿಗೆ ತುಟಿ ಅಲುಗತೊಡಗಿತು.

ನಿಶಾ ಗಡಿಯಾರ ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ. "ನಾಳೆ ಐದಕ್ಕೆ ಅಲ್ಲಿರಬೇಕು," ಅಂದಳು. "ನಾಲ್ಕಕ್ಕೆ ಕ್ಯಾಬ್. ನಾಲ್ಕರವರೆಗೆ ಅಮ್ಮ ನಿಮ್ಮವಳು. ಏಕ್ ಮಿನಿಟ್ ಭೀ ಹೆಚ್ಚಿಲ್ಲ."


ಫೆಬ್ರವರಿ 14, ಶುಕ್ರವಾರ, ಮಧ್ಯಾಹ್ನ 12

ರಜೆ ಹಾಕಿದೆ. ಪಟ್ಟಿ ಇಳಿಸುವುದು ಒಂದು ಬಟನ್, ಆದರೆ ನಿಧಾನವಾದ ಮೇಲೆ ತಬಲಾ ಸತ್ತ ಹಾಗೆ ಕೇಳಿಸಿತು. ಬೆಳಗಿನಿಂದ ಒಂದೊಂದೇ ಪೆಟ್ಟು ಸರಿಸುತ್ತಿದ್ದೇನೆ. ಎಂಬತ್ತಾರರಲ್ಲಿ ಪೂವಪ್ಪಣ್ಣನ ಕೈ ಗೊತ್ತಾಗುತ್ತದೆ. ಚುರುಕಲ್ಲ. ಸಾವಕಾಶ. ದೋಸೆ ಕೆಂಪಾಗುವವರೆಗೆ ಕಾಯುವವರ ಕೈ.

ಶಿವಕುಮಾರಿ ಟ್ರಂಕಿನಿಂದ ಮೂರನೇ ಕೌದಿ ತೆಗೆದು ತಾನೇ ಬಾಗಿಲಿಗೆ ಕಟ್ಟಿದಳು. ನಾಲ್ಕನೆಯದನ್ನು ಕಿಟಕಿಗೆ. ಬಿಲ್ಡಿಂಗಿನ ನೀರಿನ ಪಂಪಿನ ಫ್ಯೂಸ್ ತೆಗೆದು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ನಾಲ್ಕಕ್ಕೆ ಹಾಕಿಕೊಡುವೆ.


2.50

ಮೊದಲ ಟೇಕ್: "ತಿರುಗೇ" ಬಂತು. ಬಂದಿತು. ಮೂರು ಮಾತ್ರೆ ನಿಂತು ಒಡೆಯಿತು. ಅಕ್ಕನಿಗೇ ನಂಬಿಕೆಯಾಗಲಿಲ್ಲ, ಹಾಡುವುದು ಬಿಟ್ಟು ನನ್ನನ್ನೇ ನೋಡಿದರು. ನಿಶಾ ಮೂಲೆಯಲ್ಲಿ ನೆಲದ ಮೇಲೆ ಕೂತು ಎರಡೂ ಕೈ ಬಾಯಿಯ ಮೇಲೆ ಇಟ್ಟುಕೊಂಡಿದ್ದಾಳೆ.

ಎರಡನೇ ಟೇಕ್: ಲೋಕಲ್ ಟ್ರೇನ್ ಹಾರ್ನ್ ಹೊಡೆಯಿತು. ಹಾಳು.


3.25

ಮೂರನೇ ಟೇಕ್ ಪೂರ್ತಿ. ಎರಡನೇ ಚರಣ ಸಮೇತ. ಕಿಡಿ ಕೊಡೇ ಅನ್ನುವಲ್ಲಿ ಗಂಟಲು ಗರಗರ ಅಂತು, ಇರಲಿ, ಅದೂ ಅವರದೇ. "ತಿರುಗೇ" ಆರು ಮಾತ್ರೆ.

"ಆರು ಸಾಕ್ರಿ ಅಕ್ಕಾ. ಭಾಳ ಚಲೋ ಬಂದೈತಿ."

"ಆವತ್ತು ಎಂಟು ಇತ್ತು. ನೀನೇ ಎಣಿಸಿದ್ದು." ಬಿಸಿನೀರು ಕುಡಿದರು. ಹೆಡ್‌ಫೋನಿನಲ್ಲಿ ತಮ್ಮದನ್ನೇ ಕೇಳಿದರು. ಮುಖ ಸ್ವಲ್ಪ ಓರೆ ಮಾಡಿದರು. "ಎಲ್ಲ ಚಂದ ಉಂಟು. ಆದ್ರೆ ಅಡಿಯಲ್ಲಿ ಎಂತದೋ ಇಲ್ಲ. ಖಾಲಿ ಹಾಲಿನಲ್ಲಿ ಒಬ್ಬಳೇ ಹಾಡಿದ ಹಾಗೆ."

ನನಗೆ ಊರಿನ ಆಯಿ, ನಮ್ಮಜ್ಜಿ, ನೆನಪಾದಳು. ಕತೆ ಹೇಳುವಾಗ ಯಾರಾದರೂ ಹೂಂ ಅನ್ನುತ್ತಲೇ ಇರಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. "ಯಾರಿಗೆ ಹೇಳ್ಲಿ, ಗ್ವಾಡಿಗೇನು?" ಅನ್ನುತ್ತಿದ್ದಳು.

ಟೇಪಿನ ಖಾಲಿ ಜಾಗದಿಂದ ಗುಂಯ್ ಒಂದನ್ನೇ ಕತ್ತರಿಸಿ ತೆಗೆದೆ. ಐವತ್ತರದು. ಟ್ರ್ಯಾಕಿನ ಅಡಿಯಲ್ಲಿ ಹಾಸಿದೆ, ಮೊದಲಿನಿಂದ ಕೊನೆಯವರೆಗೆ. ಹದಿನೈದು ವರ್ಷ ತೆಗೆಯುತ್ತಲೇ ಬಂದದ್ದನ್ನು ಇವತ್ತು ಹಾಕಿದೆ.

ಅಕ್ಕ ಕಣ್ಣು ಮುಚ್ಚಿದರು. "ಹಾಂ. ಈಗ ಅವರು ಬಂದು ಕೂತ ಹಾಗಾಯ್ತು."


3.40

ಕ್ಯಾಬಿನವನು ಕೆಳಗೆ ಬಂದಿದ್ದಾನೆ, ಬೇಗ. ನಿಶಾ ಫೋನಿನಲ್ಲಿ "ಭಯ್ಯಾ, ದಸ್ ಮಿನಿಟ್" ಅಂದು ಸ್ವಿಚ್ ಆಫ್ ಮಾಡಿದಳು.

ಅಕ್ಕ ಮೈಕಿನ ಮುಂದೆ ನಿಂತೇ ಹೇಳಿದರು, "ನಿಶಾ, ಆ ಕಾಗದಕ್ಕೆ ಸೈನ್ ಮಾಡುವ ಮೊದಲು ಡಾಕ್ಟ್ರ ಹತ್ರ ನಾನೇ ಮಾತಾಡ್ತೇನೆ. ಮೊದಲು ಹೇಳಿದ್ದೇ ಇರ್ಲಿ. ನರ ಬಿಡಿಸ್ಲಿಕ್ಕೆ ನೋಡ್ಲಿ. ಆದಷ್ಟು."

"ಪಕ್ಕಾ, ಅಮ್ಮ?"

"ಇನ್ನೂ ಎರಡು ಮಾತ್ರೆ ಬಾಕಿ ಉಂಟಲ್ಲ."

ಶಿವಕುಮಾರಿ ಗ್ಯಾಸ್ ಆರಿಸಿದಳು. ಫ್ಯಾನ್ ಆಫ್. ನಾಲ್ಕನೇ ಟೇಕ್. ಹಾರ್ಮೋನಿಯಂ ಶುರುವಾಗಲು ಹನ್ನೆರಡು ಎಣಿಕೆ ಇದೆ, ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಕೆಂಪು ದೀಪ ಹತ್ತಿದೆ. ನನ್ನ ಪೆನ್ನು ಕಾಗದದ ಮೇಲೆ ಓಡುವ ಕರಕರ ಹೆಡ್‌ಫೋನಿನಲ್ಲಿ ಕೇಳುತ್ತಿದೆ. ಅಕ್ಕ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಸರಿ ಅಕ್ಕಾ, ಪೆನ್ನು ನಿಲ್ಲಿಸುತ್ತೇ—